ಬ್ಯಾಡ್ಜಿನ ಚಿತ್ರ ಆಮೇಲೆ, ಅದರ ಹಿಂದಿನ ಮಾತು ಮೊದಲು

ಪ್ರಶ್ನೆ: ನಾನು ವಿಶ್ವವಿದ್ಯಾಲಯವೊಂದರ ಭಾಷಾ ವಿಭಾಗದಲ್ಲಿ ಪಾಠ ಮಾಡುತ್ತೇನೆ. ಬೇರೆ ಬೇರೆ ವಿಭಾಗದ ವಿದ್ಯಾರ್ಥಿಗಳು ಜರ್ಮನ್, ಜಪಾನೀಸ್, ಸ್ಪ್ಯಾನಿಷ್ ಕಲಿಯಲು ನಮ್ಮಲ್ಲಿಗೆ ಬರುತ್ತಾರೆ. ಎರಡು ಸೆಮಿಸ್ಟರ್ ಕಲಿತರೂ ಅಂಕಪಟ್ಟಿಯಲ್ಲಿ ಒಂದು ಗ್ರೇಡ್ ಬಿಟ್ಟು ಬೇರೇನೂ ಕಾಣಿಸುವುದಿಲ್ಲ. ಈಗ ಡಿಜಿಟಲ್ ಬ್ಯಾಡ್ಜ್ ಕೊಡುವ ಪ್ರಸ್ತಾಪ ಬಂದಿದೆ. ಇದು ಚಿಕ್ಕ ಮಕ್ಕಳಿಗೆ ಸ್ಟಿಕ್ಕರ್ ಕೊಟ್ಟ ಹಾಗೆ ಅಂತ ಕೆಲವು ಹಿರಿಯ ಸಹೋದ್ಯೋಗಿಗಳು ಹೇಳುತ್ತಿದ್ದಾರೆ. ಬ್ಯಾಡ್ಜಿಗೆ ನಿಜವಾಗಿ ಬೆಲೆ ಇದೆಯೇ? ಎಲ್ಲಿಂದ ಶುರು ಮಾಡಬೇಕು? ಯಾವ ಕಂಪನಿಯ ತಂತ್ರಾಂಶ ಕೊಳ್ಳಬೇಕು?

ಉತ್ತರ: ನಿಮ್ಮ ಹಿರಿಯರ ಅನುಮಾನವನ್ನು ತಳ್ಳಿಹಾಕಬೇಡಿ. ಸುಮ್ನೆ ಒಂದು ಬಣ್ಣದ ಚಿತ್ರ ಕೊಟ್ಟು ಕೈತೊಳೆದುಕೊಂಡರೆ ಅದು ಸ್ಟಿಕ್ಕರೇ. ಆದರೆ ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯ ಅನಿಸಿದ್ದು ಬೇರೆ ಸಾಲು. ಎರಡು ಸೆಮಿಸ್ಟರ್ ಕಲಿತದ್ದು ಎಲ್ಲೂ ಕಾಣಿಸುವುದಿಲ್ಲ ಅಂದಿರಲ್ಲ, ಅದು. ಆ ವಿದ್ಯಾರ್ಥಿಗೆ ಏನು ಬರುತ್ತದೆ ಅನ್ನುವುದು ನಿಮಗೆ ಗೊತ್ತು, ಅವರಿಗೆ ಗೊತ್ತು. ಮೂರನೆಯವರಿಗೆ ಗೊತ್ತಾಗುವುದಿಲ್ಲ. ಬ್ಯಾಡ್ಜ್ ಆ ಮೂರನೆಯವರಿಗಾಗಿ ಬರೆಯುವ ಪತ್ರ ಅಂದುಕೊಳ್ಳಿ. ಪತ್ರದಲ್ಲಿ ಏನು ಬರೆದಿದ್ದೀರಿ ಅನ್ನುವುದರ ಮೇಲೆ ಅದರ ಬೆಲೆ ನಿಂತಿದೆ.

ಬ್ಯಾಡ್ಜ್ ಅಂದರೆ ಏನು ಅನ್ನುವುದನ್ನು ಮೊದಲು ನೋಡೋಣ. ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾ ಸಂಸ್ಥೆ ಮೆಕಾರ್ಥರ್ ಫೌಂಡೇಷನ್ ಅನ್ನುವ ದತ್ತಿ ಸಂಸ್ಥೆಯ ಬೆಂಬಲದೊಂದಿಗೆ 2011ರಲ್ಲಿ ಓಪನ್ ಬ್ಯಾಡ್ಜಸ್ ಅನ್ನುವ ಮಾನಕದ, ಅಂದರೆ ಬ್ಯಾಡ್ಜ್ ಹೇಗಿರಬೇಕು ಅನ್ನುವ ತಾಂತ್ರಿಕ ನಿಯಮಗಳ, ಕೆಲಸ ಶುರು ಮಾಡಿತು. 2013ರಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಬಂತು. 2017ರಿಂದ ಅದನ್ನು ಶಿಕ್ಷಣ ತಂತ್ರಜ್ಞಾನದ ಮಾನಕಗಳನ್ನು ರೂಪಿಸುವ ಐಎಂಎಸ್ ಗ್ಲೋಬಲ್ ನೋಡಿಕೊಳ್ಳುತ್ತಿದೆ. ಆ ಸಂಸ್ಥೆಯ ಈಗಿನ ಹೆಸರು ಒನ್‌ಎಡ್‌ಟೆಕ್. ಈ ಮಾನಕದ ಪ್ರಕಾರ ಬ್ಯಾಡ್ಜ್ ಬರೀ ಚಿತ್ರವಲ್ಲ. ಚಿತ್ರದ ಫೈಲಿನ ಒಳಗೇ ಮಾಹಿತಿ ಸೇರಿಸಿರುತ್ತಾರೆ. ಕೊಟ್ಟವರು ಯಾರು, ಪಡೆದವರು ಯಾರು, ಯಾವ ದಿನ, ಏನು ಮಾಡಿ ತೋರಿಸಿದ್ದಕ್ಕೆ, ಅದಕ್ಕೆ ಪುರಾವೆ ಎಲ್ಲಿದೆ, ಎಲ್ಲವೂ ಅದರಲ್ಲಿರಬಹುದು. ನೋಡುವವರು ಒಂದು ಕ್ಲಿಕ್ ಮಾಡಿದರೆ ಅಷ್ಟೂ ತೆರೆದುಕೊಳ್ಳುತ್ತದೆ. ಕಾಗದದ ಪ್ರಮಾಣಪತ್ರಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ. ಆದರೆ ಈ ಜಾಗಗಳನ್ನೆಲ್ಲ ತುಂಬಲೇಬೇಕು ಅಂತೇನಿಲ್ಲ. ಏನು ಮಾಡಿ ತೋರಿಸಿದ್ದಕ್ಕೆ ಅನ್ನುವ ಮಾನದಂಡದ ಜಾಗದಲ್ಲಿ ‘ಕೋರ್ಸ್ ಮುಗಿಸಿದ್ದಾರೆ’ ಅಂತ ಎರಡು ಪದ ಬರೆದು, ಪುರಾವೆಯ ಜಾಗ ಖಾಲಿ ಬಿಟ್ಟರೂ ಬ್ಯಾಡ್ಜ್ ಹೊರಗೆ ಬರುತ್ತದೆ. ಸ್ಟಿಕ್ಕರ್ ಆಗುವುದು ಅಲ್ಲಿಂದಲೇ.

ಭಾಷೆಯ ವಿಷಯದಲ್ಲಿ ಗ್ರೇಡ್ ತುಂಬಾ ಸಂಗತಿ ಮುಚ್ಚಿಡುತ್ತದೆ. ಇಬ್ಬರಿಗೆ ಒಂದೇ ಗ್ರೇಡ್ ಬಂದಿದೆ ಅಂದುಕೊಳ್ಳಿ. ಒಬ್ಬರು ಪತ್ರಿಕೆಯ ಲೇಖನ ಓದಿ ಅರ್ಥ ಮಾಡಿಕೊಳ್ಳುತ್ತಾರೆ, ಬಾಯಿ ಬಿಡಲು ಹೆದರುತ್ತಾರೆ. ಇನ್ನೊಬ್ಬರು ಸರಾಗವಾಗಿ ಮಾತಾಡುತ್ತಾರೆ, ಬರೆಯಲು ಕೂತರೆ ತಡವರಿಸುತ್ತಾರೆ. ಒಟ್ಟು ಅಂಕದಲ್ಲಿ ಇಬ್ಬರೂ ಸಮ. ಕೆಲಸಕ್ಕೆ ಕರೆಯುವವರಿಗೆ ಮಾತ್ರ ಇವರಿಬ್ಬರೂ ಪೂರ್ತಿ ಬೇರೆ ಜನ. ಹೆಸರಾಂತ ಪರೀಕ್ಷೆಗಳಲ್ಲೂ ಈ ತೊಂದರೆ ಇದೆ. ಜಪಾನೀಸ್ ಭಾಷೆಯ ಜೆಎಲ್‌ಪಿಟಿ ಪರೀಕ್ಷೆ 1984ರಿಂದ ನಡೆಯುತ್ತಿದೆ. ಅದರಲ್ಲಿ ಮಾತಾಡುವ ಭಾಗವೇ ಇಲ್ಲ, ಪ್ರಬಂಧ ಬರೆಸುವುದೂ ಇಲ್ಲ. ಅತಿ ಮೇಲಿನ ಎನ್1 ಹಂತ ಪಾಸಾದವರು ಮಾತಾಡುವುದು ಹೇಗೆ ಅನ್ನುವುದು ಆ ಪ್ರಮಾಣಪತ್ರದಿಂದ ತಿಳಿಯುವುದಿಲ್ಲ. ಅದು ಪರೀಕ್ಷೆಯ ತಪ್ಪಲ್ಲ, ಅಳೆಯುವುದಾಗಿ ಹೇಳಿದ್ದನ್ನೇ ಅದು ಅಳೆಯುತ್ತದೆ. ಓದುವವರು ಅದಕ್ಕಿಂತ ಜಾಸ್ತಿ ಊಹಿಸಿಕೊಳ್ಳುತ್ತಾರೆ, ಅಷ್ಟೇ.

ಯುರೋಪಿನ ದೇಶಗಳ ಸಂಘಟನೆಯಾದ ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ, ಭಾಷೆ ಎಷ್ಟು ಬರುತ್ತದೆ ಅಂತ ವರ್ಣಿಸುವ ಸಿಇಎಫ್‌ಆರ್ ಚೌಕಟ್ಟನ್ನು ಪ್ರಕಟಿಸಿತು. ಆರಂಭದ ಎ1ರಿಂದ ಅತಿ ಮೇಲಿನ ಸಿ2ವರೆಗಿನ ಆರು ಹಂತಗಳು ಈಗ ಎಲ್ಲರಿಗೂ ಗೊತ್ತು. ಆದರೆ ಅದರ ಹಂತಗಳಿಗಿಂತ ನನಗೆ ದೊಡ್ಡದಾಗಿ ಕಾಣುವುದು ಅದು ಮಾತಾಡುವ ರೀತಿ. ಪ್ರತಿ ಹಂತದಲ್ಲೂ ಕಲಿಯುವವರಿಗೆ ‘ಏನು ಮಾಡಲು ಬರುತ್ತದೆ’ ಅಂತ ಅದು ಹೇಳುತ್ತದೆ. ಒಬ್ಬರು ಓದುವುದರಲ್ಲಿ ಬಿ2, ಮಾತಾಡುವುದರಲ್ಲಿ ಎ2 ಇರಬಹುದು ಅನ್ನುವುದನ್ನು ಅದು ಒಪ್ಪುತ್ತದೆ. ಹಳೆಯ ದಾಖಲೆಗಳನ್ನು ಜರ್ಮನ್‌ನಲ್ಲಿ ಓದಬೇಕಾದ ಇತಿಹಾಸದ ಸಂಶೋಧಕರಿಗೆ ಇದು ಕೊರತೆ ಅಲ್ಲವೇ ಅಲ್ಲ. ರೋಗಿಗಳ ಜೊತೆ ಮಾತಾಡಬೇಕಾದ ನರ್ಸ್‌ಗೆ ಇದರ ಉಲ್ಟಾ ಬೇಕು. ಹೀಗೆ ಏರುಪೇರಾಗಿರುವ ಸಾಮರ್ಥ್ಯವನ್ನು ಇದ್ದ ಹಾಗೇ ತೋರಿಸುವುದು ಬ್ಯಾಡ್ಜಿಗೆ ಸಾಧ್ಯ. ಗ್ರೇಡಿಗೆ ಸಾಧ್ಯವಿಲ್ಲ.

ಹಾಗಾಗಿ ನಿಮ್ಮ ಕೆಲಸದ ಮುಕ್ಕಾಲು ಪಾಲು ಇರುವುದು ಮಾನದಂಡ ಬರೆಯುವುದರಲ್ಲಿ. ‘ಜರ್ಮನ್ ಎ2 ಪೂರೈಸಿದ್ದಾರೆ’ ಅಂತ ಬರೆದರೆ ಹೊರಗಿನವರಿಗೆ ಏನೂ ತಿಳಿಯುವುದಿಲ್ಲ. ಅದರ ಬದಲು ಹೀಗೆ ಬರೆದು ನೋಡಿ: ‘ಪರಿಚಯವಿಲ್ಲದ ವ್ಯಕ್ತಿಯ ಜೊತೆ ಜರ್ಮನ್‌ನಲ್ಲಿ ಫೋನ್ ಮಾಡಿ ಮಾತಾಡಿ, ಭೇಟಿಗೆ ಒಂದು ಸಮಯ ಗೊತ್ತುಮಾಡಿಕೊಳ್ಳಬಲ್ಲರು. ಆ ಕಡೆಯವರು ಸಮಯ ಬದಲಿಸಿದರೆ ಮತ್ತೆ ಕೇಳಿ ಖಚಿತ ಮಾಡಿಕೊಳ್ಳಬಲ್ಲರು. ವ್ಯಾಕರಣದ ತಪ್ಪುಗಳಿರುತ್ತವೆ, ಆದರೆ ಕೇಳುವವರಿಗೆ ಅರ್ಥವಾಗುತ್ತದೆ. ಸಂಭಾಷಣೆ ಸುಮಾರು 4 ನಿಮಿಷ ನಡೆಯಿತು. ಮೊದಲೇ ಬರೆದುಕೊಂಡ ಚೀಟಿ ಇರಲಿಲ್ಲ.’ ಇದನ್ನು ಓದಿದವರ ಕಣ್ಣ ಮುಂದೆ ಒಬ್ಬ ಮನುಷ್ಯ ಬಂದು ನಿಲ್ಲುತ್ತಾನೆ. ತಪ್ಪುಗಳಿರುತ್ತವೆ ಅನ್ನುವ ಮಾತನ್ನು ತೆಗೆಯಬೇಡಿ. ವಿದ್ಯಾರ್ಥಿಯ ಬೆಲೆ ಕಡಿಮೆಯಾಗುತ್ತದೆ ಅಂತ ಕೆಲವು ಶಿಕ್ಷಕರು ಅದನ್ನು ಕೈಬಿಡುತ್ತಾರೆ. ನನ್ನ ಅನುಭವದಲ್ಲಿ ಓದುವವರಿಗೆ ನಂಬಿಕೆ ಬರುವುದೇ ಆ ಮಾತಿನಿಂದ. ಎಲ್ಲಾ ಚೆನ್ನಾಗಿದೆ ಅಂತ ಹೇಳುವ ಪತ್ರವನ್ನು ಯಾರೂ ಪೂರ್ತಿ ನಂಬುವುದಿಲ್ಲ, ಅಲ್ವಾ?

ಹಂತದ ಹೆಸರನ್ನು ಬಳಸುವಾಗ ಒಂದು ಎಚ್ಚರಿಕೆ. ನಿಮ್ಮ ಪರೀಕ್ಷೆ ನಿಜವಾಗಿ ಬಿ1 ಮಟ್ಟದ್ದೇ ಅಂತ ಕೌನ್ಸಿಲ್ ಆಫ್ ಯುರೋಪ್ ಬಂದು ಮುದ್ರೆ ಒತ್ತುವುದಿಲ್ಲ. ಯಾವ ಪರೀಕ್ಷೆಗೂ ಅದು ಹಾಗೆ ಮಾಡುವುದಿಲ್ಲ. ಪರೀಕ್ಷೆಗಳನ್ನು ಚೌಕಟ್ಟಿಗೆ ಹೊಂದಿಸುವುದು ಹೇಗೆ ಅಂತ 2009ರಲ್ಲಿ ಒಂದು ಕೈಪಿಡಿ ಕೊಟ್ಟಿದೆ. ಆ ಕೆಲಸ ದೊಡ್ಡದು. ಅದನ್ನು ಮಾಡಿರದಿದ್ದರೆ ‘ಬಿ1ರ ಇಂಥ ವರ್ಣನೆಯನ್ನು ಆಧರಿಸಿದೆ’ ಅಂತ ಬರೆಯಿರಿ, ‘ಬಿ1 ಪ್ರಮಾಣಿತ’ ಅಂತ ಬರೆಯಬೇಡಿ. ಅಮೆರಿಕದ ವಿಶ್ವವಿದ್ಯಾಲಯಗಳ ಜೊತೆ ನಿಮ್ಮ ಒಡನಾಟ ಇದ್ದರೆ ಅಲ್ಲಿ ಭಾಷಾ ಸಾಮರ್ಥ್ಯ ಅಳೆಯಲು ಆಕ್ಟ್‌ಫಲ್ ಮಾಪಕ ಬಳಕೆಯಲ್ಲಿದೆ. ನೊವಿಸ್‌ನಿಂದ ಡಿಸ್ಟಿಂಗ್ವಿಷ್ಡ್‌ವರೆಗೆ ಅದರದ್ದೇ ಹಂತಗಳಿವೆ. ಎರಡರಲ್ಲಿ ಒಂದನ್ನು ಹಿಡಿದುಕೊಳ್ಳಿ.

ಈಗ ಪುರಾವೆ. ಭಾಷೆಗೆ ಧ್ವನಿಗಿಂತ ಒಳ್ಳೆಯ ಪುರಾವೆ ಇಲ್ಲ. ಎರಡು ನಿಮಿಷದ ರೆಕಾರ್ಡಿಂಗ್ ಹೇಳುವಷ್ಟನ್ನು ಹತ್ತು ಪುಟದ ಉತ್ತರಪತ್ರಿಕೆ ಹೇಳುವುದಿಲ್ಲ. ಮನೆಯಲ್ಲಿ ಕೂತು ಬರೆದ ಪ್ರಬಂಧವನ್ನು ನಾನು ಈಗ ಪುರಾವೆಯಾಗಿ ಒಪ್ಪುವುದಿಲ್ಲ. ಅನುವಾದದ ತಂತ್ರಾಂಶ ಎಲ್ಲರ ಕೈಯಲ್ಲೂ ಇದೆ, ಅದು ಬರೆದದ್ದೋ ವಿದ್ಯಾರ್ಥಿ ಬರೆದದ್ದೋ ಹೇಳುವುದು ಕಷ್ಟ. ಬಾಯಿಪಾಠ ಮಾಡಿದ ಭಾಷಣವೂ ಬೇಡ. ಎದುರಿಗೆ ಇನ್ನೊಬ್ಬ ಮನುಷ್ಯ ಇರಬೇಕು. ಅವರು ನಡುವೆ ಒಂದು ಅನಿರೀಕ್ಷಿತ ಪ್ರಶ್ನೆ ಕೇಳಬೇಕು. ವಿದ್ಯಾರ್ಥಿ ತಬ್ಬಿಬ್ಬಾಗಿ, ಆಮೇಲೆ ದಾರಿ ಹುಡುಕಿಕೊಂಡು ಹೊರಬರುವ ಆ ಹತ್ತು ಸೆಕೆಂಡಿನಲ್ಲಿ ಅವರ ಭಾಷೆ ಎಷ್ಟಿದೆ ಅನ್ನುವುದು ಗೊತ್ತಾಗುತ್ತದೆ.

ಆ ರೆಕಾರ್ಡಿಂಗನ್ನು ಇಬ್ಬರು ಬೇರೆ ಬೇರೆಯಾಗಿ ಕೇಳಿ ತೀರ್ಮಾನ ಬರೆಯಲಿ. ಪಾಠ ಮಾಡಿದವರೇ ಒಬ್ಬರಾದರೆ ಇನ್ನೊಬ್ಬರು ಆ ವಿದ್ಯಾರ್ಥಿಯ ಪರಿಚಯ ಇಲ್ಲದವರಾಗಲಿ. ನಮ್ಮ ವಿದ್ಯಾರ್ಥಿಯ ಉಚ್ಚಾರಣೆಗೆ ನಮ್ಮ ಕಿವಿ ಒಗ್ಗಿಹೋಗಿರುತ್ತದೆ. ಅವರು ಏನು ಹೇಳಹೊರಟಿದ್ದಾರೆ ಅನ್ನುವುದು ಅವರು ಹೇಳುವ ಮೊದಲೇ ನಮಗೆ ಅರ್ಥವಾಗಿಬಿಡುತ್ತದೆ. ಹೊರಗಿನ ಕಿವಿಗೆ ಆ ಅನುಕೂಲ ಇಲ್ಲ. ಬ್ಯಾಡ್ಜ್ ನೋಡುವವರಿಗೂ ಇಲ್ಲ. ಇಬ್ಬರ ತೀರ್ಮಾನ ಬೇರೆಯಾದರೆ ಮಾನದಂಡದ ವಾಕ್ಯವನ್ನೇ ಮತ್ತೆ ಓದಿ ನೋಡಿ. ಎಷ್ಟೋ ಸಲ ತಪ್ಪು ಇರುವುದು ಅಲ್ಲೇ.

ಧ್ವನಿ ಅಂದರೆ ಖಾಸಗಿ ಸಂಗತಿ ಅನ್ನುವುದನ್ನೂ ಮರೆಯಬೇಡಿ. ರೆಕಾರ್ಡಿಂಗನ್ನು ಬ್ಯಾಡ್ಜಿಗೆ ಸೇರಿಸುವ ಮೊದಲು ವಿದ್ಯಾರ್ಥಿಯ ಒಪ್ಪಿಗೆ ಬರಹದಲ್ಲಿ ಇರಲಿ. ಬೇಡ ಅಂದವರಿಗೂ ಬ್ಯಾಡ್ಜ್ ಸಿಗಲಿ. ಅವರ ಪುರಾವೆಯ ಜಾಗದಲ್ಲಿ ಪರೀಕ್ಷಕರ ಟಿಪ್ಪಣಿ ಹಾಕಿ. ಆಮೇಲೆ ತೆಗೆಯಿರಿ ಅಂದರೆ ತೆಗೆಯಲು ದಾರಿ ಇರಲಿ.

ಇನ್ನು ನನ್ನ ಮನಸ್ಸಿಗೆ ತುಂಬಾ ಹತ್ತಿರವಾದ ಭಾಗಕ್ಕೆ ಬರುತ್ತೇನೆ. ಅಂಕಪಟ್ಟಿ ಯಾವತ್ತೂ ಹಿಡಿಯದ ಕೆಲವು ಭಾಷಾ ಕೌಶಲಗಳಿವೆ. ಒಂದು ಭಾಷೆಯಲ್ಲಿ ಕೇಳಿದ್ದನ್ನು ಇನ್ನೊಂದು ಭಾಷೆಯಲ್ಲಿ ಬೇರೆಯವರಿಗೆ ದಾಟಿಸುವುದು. ಉದ್ದದ ಬರಹ ಓದಿ, ಗೊತ್ತಿಲ್ಲದವರಿಗೆ ಅದರ ಸಾರ ಹೇಳುವುದು. ಆನ್‌ಲೈನ್ ಸಭೆಯಲ್ಲಿ ಐದು ಜನರ ನಡುವೆ ಸರಿಯಾದ ಹೊತ್ತಿಗೆ ಬಾಯಿ ಹಾಕಿ ಮಾತಾಡುವುದು. ಸಿಇಎಫ್‌ಆರ್‌ನ ಪೂರಕ ಸಂಪುಟ 2020ರಲ್ಲಿ ಅಂತಿಮ ರೂಪ ಪಡೆಯಿತು. ಅದರಲ್ಲಿ ಈ ಕೌಶಲಗಳಿಗೆ ಹಂತಹಂತವಾಗಿ ವರ್ಣನೆಗಳಿವೆ. ದಾಟಿಸುವ ಕೆಲಸವನ್ನು ಅಲ್ಲಿ ಮೀಡಿಯೇಷನ್ ಅನ್ನುತ್ತಾರೆ. ನಿಮಗೆ ಬೇಕಾದ ವಾಕ್ಯಗಳು ಅಲ್ಲಿ ಸಿದ್ಧವಾಗಿ ಸಿಗುತ್ತವೆ, ನಿಮ್ಮ ವಿದ್ಯಾರ್ಥಿಗಳಿಗೆ ತಕ್ಕ ಹಾಗೆ ಸರಳ ಮಾಡಿಕೊಂಡರೆ ಸಾಕು.

ಎರಡು ಮೂರು ಭಾಷೆಗಳ ನಡುವೆ ಬೆಳೆದ ವಿದ್ಯಾರ್ಥಿಗಳನ್ನು ನೆನಪಿಸಿಕೊಳ್ಳಿ. ಚಿಕ್ಕಂದಿನಿಂದ ಮನೆಯವರಿಗೆ ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ ಮಾತು ದಾಟಿಸಿದವರು ಅವರಲ್ಲಿ ಎಷ್ಟೋ ಜನ ಇರುತ್ತಾರೆ. ಮನೆಮಾತನ್ನು ನೀರು ಕುಡಿದ ಹಾಗೆ ಆಡುತ್ತಾರೆ, ಲಿಪಿ ಮಾತ್ರ ಬರುವುದಿಲ್ಲ. ವಿಶ್ವವಿದ್ಯಾಲಯದಲ್ಲಿ ಆ ಭಾಷೆ ಕಲಿಯಲು ಬಂದರೆ ನಾವು ಏನು ಮಾಡುತ್ತೇವೆ? ಅಕ್ಷರ ಬರುವುದಿಲ್ಲ ಅಂತ ಮೊದಲ ತರಗತಿಯಲ್ಲಿ ಕೂರಿಸುತ್ತೇವೆ. ‘ನನ್ನ ಹೆಸರು ಇದು’ ಅಂತ ಹೇಳಿಸುತ್ತೇವೆ. ಅವರಿಗೆ ಬರುವ ಭಾಷೆಗೆ ನಮ್ಮ ಲೆಕ್ಕದ ಪುಸ್ತಕದಲ್ಲಿ ಜಾಗವೇ ಇಲ್ಲ. ಮಾತಿಗೆ ಒಂದು ಬ್ಯಾಡ್ಜ್, ಮಾತು ದಾಟಿಸುವುದಕ್ಕೆ ಒಂದು ಬ್ಯಾಡ್ಜ್ ಇದ್ದರೆ ಮೊದಲ ವಾರದಲ್ಲೇ ಅವರು ಅದನ್ನು ಪಡೆಯಬಹುದು. ಆಮೇಲೆ ಲಿಪಿ ಕಲಿಯಲಿ. ಎಲ್ಲಿ ಕಲಿತರು ಅನ್ನುವುದು ಬ್ಯಾಡ್ಜಿಗೆ ಬೇಕಾಗಿಲ್ಲ, ಏನು ಬರುತ್ತದೆ ಅನ್ನುವುದು ಸಾಕು. ಈ ಒಂದು ಕಾರಣಕ್ಕಾದರೂ ನೀವು ಬ್ಯಾಡ್ಜ್ ಶುರು ಮಾಡಬೇಕು ಅಂತ ನಾನು ಮನಸಾರೆ ಹೇಳುತ್ತೇನೆ.

ಸ್ಟಿಕ್ಕರ್ ಮಾತಿಗೆ ಮತ್ತೆ ಬರೋಣ, ಅದರಲ್ಲಿ ಒಂದು ನಿಜ ಇದೆ. 1973ರಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಚಿತ್ರ ಬರೆಯುವುದು ಇಷ್ಟವಾಗಿದ್ದ ಪುಟ್ಟ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಚಿತ್ರ ಬರೆದರೆ ಬಹುಮಾನ ಕೊಡುತ್ತೇವೆ ಅಂತ ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ ಕೊಟ್ಟರು. ಮೂರನೆಯದಕ್ಕೆ ಕೊಡಲಿಲ್ಲ. ಕೆಲವು ದಿನ ಬಿಟ್ಟು ನೋಡಿದರೆ ಮೊದಲ ಗುಂಪಿನ ಮಕ್ಕಳ ಆಸಕ್ತಿ ಕುಗ್ಗಿತ್ತು. ಉಳಿದ ಎರಡು ಗುಂಪುಗಳಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಅವರು ಚಿತ್ರ ಬರೆದರು. ಇಷ್ಟದಿಂದ ಮಾಡುತ್ತಿದ್ದ ಕೆಲಸ ಬಹುಮಾನಕ್ಕಾಗಿ ಮಾಡುವ ಕೆಲಸವಾಗಿತ್ತು. ಮುಂದೆ ಬಂದ ಸಂಶೋಧನೆ ಇದಕ್ಕೆ ಇನ್ನೊಂದು ಮಾತು ಸೇರಿಸಿತು. ‘ನೀನು ಇದನ್ನು ಚೆನ್ನಾಗಿ ಮಾಡಬಲ್ಲೆ’ ಅಂತ ಮಾಹಿತಿ ಕೊಡುವ ಮೆಚ್ಚುಗೆ, ಆಮಿಷದ ಹಾಗೆ ಆಸಕ್ತಿಯನ್ನು ತಿನ್ನುವುದಿಲ್ಲ.

ಇದು ನಾನು ಓದಿ ತಿಳಿದದ್ದಷ್ಟೇ ಅಲ್ಲ. ಮೊದಲ ಸಲ ಒಂದು ವಿಭಾಗಕ್ಕೆ ಬ್ಯಾಡ್ಜ್ ರೂಪಿಸಿಕೊಟ್ಟಾಗ ನಾವು ಇಪ್ಪತ್ತಕ್ಕೂ ಜಾಸ್ತಿ ಬ್ಯಾಡ್ಜ್ ಮಾಡಿದ್ದೆವು. ಹಾಜರಾತಿಗೆ ಒಂದು, 500 ಪದ ಕಲಿತರೆ ಒಂದು, ಐದು ಕ್ವಿಜ್ ಮುಗಿಸಿದರೆ ಒಂದು. ಮೊದಲ ತಿಂಗಳು ಉತ್ಸಾಹವೋ ಉತ್ಸಾಹ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ವಿದ್ಯಾರ್ಥಿಗಳು ಯಾವ ಬ್ಯಾಡ್ಜ್ ಬೇಗ ಸಿಗುತ್ತದೆ ಅಂತ ಲೆಕ್ಕ ಹಾಕುತ್ತಿದ್ದರು. ಮಾತಾಡುವ ಅಭ್ಯಾಸಕ್ಕೆ ಬರುವವರು ಕಡಿಮೆಯಾದರು, ಏಕೆಂದರೆ ಅದು ನಿಧಾನ. ಒಬ್ಬ ವಿದ್ಯಾರ್ಥಿನಿ ಸಂದರ್ಶನಕ್ಕೆ ಹೋಗಿದ್ದಾಗ ಅಲ್ಲಿದ್ದವರು ಆಕೆಯ ಹದಿನಾಲ್ಕು ಬ್ಯಾಡ್ಜ್ ನೋಡಿ ಸ್ಪ್ಯಾನಿಷ್‌ನಲ್ಲಿ ಮಾತು ಶುರು ಮಾಡಿದರಂತೆ. ಆಕೆಗೆ ಮೂರು ವಾಕ್ಯ ದಾಟಲಾಗಲಿಲ್ಲ. ವಾಪಸ್ ಬಂದು ‘ಇಷ್ಟು ಕೊಟ್ಟಿದ್ದೀರಿ, ನನಗೆ ಬರುತ್ತದೆ ಅಂತಲೇ ನಾನೂ ಅಂದುಕೊಂಡಿದ್ದೆ’ ಅಂದಳು. ಆ ಮಾತು ನನಗೆ ಇವತ್ತಿಗೂ ನೋವು ಕೊಡುತ್ತದೆ. ಮುಂದಿನ ಸೆಮಿಸ್ಟರಿಗೆ ಎಲ್ಲವನ್ನೂ ತೆಗೆದು ನಾಲ್ಕು ಉಳಿಸಿಕೊಂಡೆವು. ನಾಲ್ಕೂ ಮಾಡಿ ತೋರಿಸುವಂಥವು.

ಬ್ಯಾಡ್ಜಿಗೆ ನಿಜವಾಗಿ ಬೆಲೆ ಇದೆಯೇ ಅಂತ ಕೇಳಿದ್ದೀರಿ. ಕೆಲಸ ಕೊಡುವವರ ಮಟ್ಟಿಗೆ ನೋಡೋಣ. ಬ್ಯಾಡ್ಜ್ ನೋಡಿ ಯಾರೂ ಕೆಲಸ ಕೊಡುವುದಿಲ್ಲ. ವೀಸಾಕ್ಕೋ ಪ್ರವೇಶಕ್ಕೋ ಕೇಳುವ ಪರೀಕ್ಷೆಗಳ ಜಾಗದಲ್ಲಿ ಅದನ್ನು ಇಡಲೂ ಆಗುವುದಿಲ್ಲ. ಇದನ್ನು ವಿದ್ಯಾರ್ಥಿಗಳಿಗೆ ಮೊದಲೇ ಬಾಯಿಬಿಟ್ಟು ಹೇಳಿ. ಬ್ಯಾಡ್ಜಿನಿಂದ ಆಗುವ ಕೆಲಸ ಚಿಕ್ಕದು, ಆದರೆ ಉಪಯೋಗದ್ದು. ಸಂದರ್ಶನದಲ್ಲಿ ಒಂದು ಮಾತಿಗೆ ಎಳೆ ಕೊಡುತ್ತದೆ. ‘ಈ ರೆಕಾರ್ಡಿಂಗ್ ಕೇಳಿದೆ, ಆ ಕಡೆಯವರು ಸಮಯ ಬದಲಿಸಿದಾಗ ಹೇಗೆ ಸಂಭಾಳಿಸಿದಿರಿ?’ ಅಂತ ಕೇಳಿಸಿಕೊಂಡ ಅಭ್ಯರ್ಥಿಗೆ ಹೇಳಲು ಏನೋ ಇರುತ್ತದೆ. ಗ್ರೇಡ್ ನೋಡಿ ಇಂಥ ಪ್ರಶ್ನೆ ಯಾರಿಗೂ ಹುಟ್ಟುವುದಿಲ್ಲ.

ಅವಧಿ ಹಾಕಬೇಕೇ ಅನ್ನುವುದೂ ಚರ್ಚೆಗೆ ಬರುತ್ತದೆ. ಟೋಫೆಲ್, ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಗಳ ಅಂಕಗಳನ್ನು ಸಾಮಾನ್ಯವಾಗಿ 2 ವರ್ಷ ಮಾತ್ರ ಒಪ್ಪುತ್ತಾರೆ. ಬಳಸದ ಭಾಷೆಗೆ ತುಕ್ಕು ಹಿಡಿಯುತ್ತದೆ ಅನ್ನುವುದು ನಿಜ. ಆದರೂ ನಿಮ್ಮ ಬ್ಯಾಡ್ಜಿಗೆ ಅವಧಿ ಬೇಡ ಅನ್ನುವುದು ನನ್ನ ಅಭಿಪ್ರಾಯ. ದಿನಾಂಕ ಎದ್ದು ಕಾಣುವ ಹಾಗೆ ಹಾಕಿ, ಸಾಕು. ಆ ದಿನ ಆ ಕೆಲಸ ಮಾಡಿ ತೋರಿಸಿದ್ದು ಯಾವಾಗಲೂ ನಿಜವೇ.

ತಂತ್ರಾಂಶದ ಪ್ರಶ್ನೆಯನ್ನು ಕೊನೆಗೆ ಉಳಿಸಿಕೊಂಡಿದ್ದೇನೆ, ನೀವೂ ಹಾಗೇ ಮಾಡಿ. ನಿಮ್ಮಲ್ಲಿ ಆನ್‌ಲೈನ್ ಪಾಠಕ್ಕೆ ಬಳಸುವ ಮೂಡಲ್ ತಂತ್ರಾಂಶ ಇದ್ದರೆ ಹೊಸದೇನೂ ಕೊಳ್ಳದೆ ಶುರು ಮಾಡಬಹುದು. 2013ರ 2.5 ಆವೃತ್ತಿಯಿಂದಲೇ ಅದರಲ್ಲಿ ಓಪನ್ ಬ್ಯಾಡ್ಜಸ್ ಕೊಡುವ ಸೌಲಭ್ಯ ಇದೆ. ಕೊಳ್ಳಲೇಬೇಕಾದರೆ ಮಾರುವವರಿಗೆ ಒಂದು ಪ್ರಶ್ನೆ ಕೇಳಿ: ನಾಳೆ ನೀವು ಅಂಗಡಿ ಮುಚ್ಚಿದರೆ ನಮ್ಮ ವಿದ್ಯಾರ್ಥಿಗಳ ಬ್ಯಾಡ್ಜ್ ಏನಾಗುತ್ತದೆ? ಇದು ಸುಮ್ಮನೆ ಹೆದರಿಸುವ ಮಾತಲ್ಲ. ಬ್ಯಾಡ್ಜ್ ಇಟ್ಟುಕೊಳ್ಳಲು ಮೊಜಿಲ್ಲಾ ಮಾಡಿದ್ದ ಬ್ಯಾಕ್‌ಪ್ಯಾಕ್ ಸೇವೆಯೇ 2019ರಲ್ಲಿ ನಿಂತು, ಬಳಕೆದಾರರು ಬ್ಯಾಡ್ಜರ್ ಅನ್ನುವ ಇನ್ನೊಂದು ಸೇವೆಗೆ ಹೋಗಬೇಕಾಯಿತು. 2022ರಲ್ಲಿ ಬ್ಯಾಡ್ಜರ್ ಇನ್‌ಸ್ಟ್ರಕ್ಚರ್ ಕಂಪನಿಯ ಕೈಗೆ ಹೋಗಿ ಹೆಸರೂ ಬದಲಾಯಿತು. ಹಳೆಯ ರೀತಿಯ ಬಹುಪಾಲು ಬ್ಯಾಡ್ಜ್‌ಗಳನ್ನು ಪರಿಶೀಲಿಸಬೇಕಾದರೆ ಕೊಟ್ಟವರ ವೆಬ್ ಪುಟ ಬದುಕಿರಬೇಕು. 2024ರಲ್ಲಿ ಅಂತಿಮವಾದ ಓಪನ್ ಬ್ಯಾಡ್ಜಸ್ 3.0ರಲ್ಲಿ ಬ್ಯಾಡ್ಜಿಗೇ ಡಿಜಿಟಲ್ ಸಹಿ ಇರುತ್ತದೆ, ವಿದ್ಯಾರ್ಥಿ ಅದನ್ನು ತನ್ನ ಹತ್ತಿರವೇ ಇಟ್ಟುಕೊಳ್ಳಬಹುದು. ಸಾಧ್ಯವಾದರೆ ಅದನ್ನು ಬೆಂಬಲಿಸುವ ವ್ಯವಸ್ಥೆ ನೋಡಿ.

ಚಿಕ್ಕದಾಗಿ ಕಂಡರೂ ಬಹಳ ಜನರನ್ನು ಕಾಡುವ ಇನ್ನೊಂದು ವಿಷಯ ಇಮೇಲ್. ಬ್ಯಾಡ್ಜನ್ನು ಕಾಲೇಜಿನ ಇಮೇಲ್ ವಿಳಾಸಕ್ಕೆ ಕೊಡುತ್ತಾರೆ. ಪದವಿ ಮುಗಿದ ಮೇಲೆ ಆ ವಿಳಾಸ ನಿಂತುಹೋಗುತ್ತದೆ. ಕೆಲಸ ಹುಡುಕುವ ಹೊತ್ತಿಗೆ ಸರಿಯಾಗಿ ಬ್ಯಾಡ್ಜ್ ಕೈಗೆ ಸಿಗುವುದಿಲ್ಲ. ಖಾಸಗಿ ವಿಳಾಸಕ್ಕೇ ಕೊಡಿ.

ಆಡಳಿತದವರ ಮುಂದೆ ಇಡಲು ಒಂದು ಸಿದ್ಧ ಪಟ್ಟಿ ಬೇಕಾದರೆ, ಯುರೋಪಿಯನ್ ಒಕ್ಕೂಟದ ಕೌನ್ಸಿಲ್ 2022ರ ಜೂನ್ 16ರಂದು ಮೈಕ್ರೋ ಕ್ರೆಡೆನ್ಷಿಯಲ್‌ಗಳ, ಅಂದರೆ ಸಣ್ಣ ಕಲಿಕೆಗೆ ಕೊಡುವ ಪ್ರಮಾಣಪತ್ರಗಳ, ಬಗ್ಗೆ ಹೊರಡಿಸಿದ ಶಿಫಾರಸು ನೋಡಿ. ಕೊಟ್ಟ ಸಂಸ್ಥೆ, ದಿನಾಂಕ, ಕಲಿಕೆಯ ಫಲ, ಎಷ್ಟು ಗಂಟೆಯ ದುಡಿಮೆ, ಯಾವ ಮಟ್ಟ, ಹೇಗೆ ಪರೀಕ್ಷಿಸಲಾಯಿತು, ಗುಣಮಟ್ಟಕ್ಕೆ ಯಾರು ಹೊಣೆ ಅನ್ನುವುದೆಲ್ಲ ಇರಬೇಕು ಅಂತ ಅದು ಹೇಳುತ್ತದೆ. ನೀವು ಯುರೋಪಿನಲ್ಲಿ ಇಲ್ಲದಿದ್ದರೂ ಆ ಪಟ್ಟಿ ಕೆಲಸಕ್ಕೆ ಬರುತ್ತದೆ.

ಒಂದು ಭಾಷೆ, ಒಂದು ಸೆಮಿಸ್ಟರ್, ಮೂರು ಬ್ಯಾಡ್ಜ್. ಇಷ್ಟರಿಂದ ಶುರು ಮಾಡಿ. ಪರಿಚಯವಿಲ್ಲದವರ ಜೊತೆ ಫೋನ್ ಸಂಭಾಷಣೆ ಒಂದು. ಮೊದಲು ನೋಡಿರದ ಬರಹ ಓದಿ ಅದರ ಸಾರವನ್ನು ಇನ್ನೊಂದು ಭಾಷೆಯಲ್ಲಿ ಹೇಳುವುದು ಒಂದು. ಆನ್‌ಲೈನ್ ಸಭೆಯಲ್ಲಿ ಪಾಲ್ಗೊಳ್ಳುವುದು ಒಂದು. ಮಾನದಂಡ ಬರೆದ ಮೇಲೆ ನಿಮ್ಮ ವಿಭಾಗದ ಗಂಧವೇ ಇಲ್ಲದ ಯಾರಿಗಾದರೂ ಓದಲು ಕೊಡಿ. ‘ಈ ವ್ಯಕ್ತಿಗೆ ಏನು ಮಾಡಲು ಬರುತ್ತದೆ ಹೇಳಿ’ ಅಂತ ಕೇಳಿ. ಅವರು ತಡವರಿಸಿದರೆ ಮತ್ತೆ ಬರೆಯಿರಿ. ಇನ್ನು ಆ ಎರಡನೇ ಪರೀಕ್ಷಕರ ಜಾಗ ಇದೆಯಲ್ಲ, ಸ್ಟಿಕ್ಕರ್ ಅಂತ ಅನುಮಾನ ಪಟ್ಟ ನಿಮ್ಮ ಹಿರಿಯರನ್ನೇ ಅಲ್ಲಿಗೆ ಕರೆಯಿರಿ. ಅವರು ಕೇಳಿ ಒಪ್ಪಿದ ರೆಕಾರ್ಡಿಂಗಿಗೆ ಮಾತ್ರ ಬ್ಯಾಡ್ಜ್ ಹೋಗಲಿ.